ಮೆಟ್ಟಿಲ ಮೇಲಿನ ಹೆಂಗಸು

ಶುಕ್ರವಾರ ಸಂಜೆ ಐದರೊಳಗೆ ಆಟವನ್ನು ಕಳಿಸಬೇಕಿತ್ತು. ಅಂದು ಮಂಗಳವಾರ. ಅಕ್ಕ ಚಿತ್ರ ಬರೆದು, ತಮ್ಮ ಅದಕ್ಕೆ ನಡೆದಾಟ ಕಲಿಸಿ, ಎರಡು ಮೇಜು ಹಿಡಿಸುವ ಕೋಣೆಯಲ್ಲಿ ನಾಲ್ಕು ವರ್ಷ ಬೆನ್ನಿಗೆ ಬೆನ್ನು ತಾಗಿಸಿಕೊಂಡು ಕೂತು ಮಾಡಿದ ಕಂಪ್ಯೂಟರ್ ಆಟ ಅದು. ಆಟ ಮಾರುವ ಮೂರು ಕಂಪನಿಗಳಿಂದ ಬೇಡ ಅನ್ನಿಸಿಕೊಂಡು ನಾಲ್ಕನೆಯದರಿಂದ ಹೂಂ ಅನ್ನಿಸಿಕೊಂಡಿತ್ತು. ಮುಂದಿನ ವಾರ ತಮ್ಮ ಹಡಗಿನ ಕೆಲಸಕ್ಕೆ ಹೊರಡುವವನು. ಎರಡು ವರ್ಷ ಕೈಗೆ ಸಿಗುವ ಆಸಾಮಿಯಲ್ಲ. ಈಗ ದಡ ಸೇರಿದರೆ ಸೇರಿತು, ಇಲ್ಲವಾದರೆ ನಾಲ್ಕು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಆಟದ ಜೊತೆ ಕಳಿಸಬೇಕಾದ ಅರ್ಜಿಯ ಹನ್ನೊಂದನೆಯ ಸಾಲಿಗೆ ಬಂದಾಗ ಅಕ್ಕನ ಕೈ ನಿಂತಿತು. ಇದರಲ್ಲಿರುವ ಎಲ್ಲ ಚಿತ್ರಗಳೂ ನಮ್ಮವು, ಅಥವಾ ಹಕ್ಕುಳ್ಳವರ ಒಪ್ಪಿಗೆ ಪಡೆದವು ಎಂದು ಬರೆದಿತ್ತು. ಪಕ್ಕದಲ್ಲೊಂದು ಖಾಲಿ ಚೌಕ.

ಗೋಡೆ, ಬಾಗಿಲು, ದೀಪ ಎಲ್ಲವೂ ಅವಳು ಬರೆದವೇ. ಮುಖವೊಂದು ಮಾತ್ರ ಅಲ್ಲ. ಹಳೇ ಸಾಮಾನಿನ ಅಂಗಡಿಯಿಂದ ಚೌಕಟ್ಟಿನ ಆಸೆಗೆ ತಂದ ಫೋಟೋದಲ್ಲಿ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ನಿಂತು, ಯಾರೋ ಕರೆದರೆಂಬಂತೆ ತಿರುಗಿ ನೋಡುತ್ತಿದ್ದಳು. ಆಟ ಹುಟ್ಟಿದ್ದೇ ಆ ನೋಟದಿಂದ. ಆಡುವವರು ಮನೆಯೆಲ್ಲ ತಡಕಾಡಿ ಅವಳನ್ನು ಕರೆದವರನ್ನು ಹುಡುಕಬೇಕು. ತಪ್ಪು ಬಾಗಿಲು ತೆರೆದಾಗಲೆಲ್ಲ ಅವಳ ಮುಖ ಒಂದಿಷ್ಟು ಅಳಿಸುತ್ತದೆ. ಕೊನೆಗೆ ಮೆಟ್ಟಿಲಷ್ಟೇ ಉಳಿಯುತ್ತದೆ. ಹಾಗೆ ಅಳಿದುಹೋಗುವುದಕ್ಕೆ ಮೂವತ್ತೊಂದು ದಾರಿ.

ತಮ್ಮ ನಕ್ಕುಬಿಟ್ಟ. ಚೌಕಟ್ಟಿನ ಜೊತೆ ಫೋಟೋವನ್ನೂ ಕೊಂಡಾಗಿದೆ, ಕಳ್ಳತನ ಮಾಡಿಲ್ಲವಲ್ಲ ಎಂಬುದು ಅವನ ವಾದ. ಅವಳಿಗೆ ಸಮಾಧಾನವಾಗದೆ ಕೆಳಮನೆಯ ವಕೀಲರ ಹತ್ತಿರ ಹೋದಳು. ಪುಸ್ತಕ ಕೊಂಡವನು ಓದಬಹುದು, ಅದನ್ನೇ ಅಚ್ಚು ಹಾಕಿಸಿ ಮಾರಬಹುದೇನಮ್ಮ, ಎಂದು ಅವರು ಕೇಳಿದರು. ನಿನಗೆ ದಕ್ಕಿದ್ದು ಕಾಗದ. ಹಕ್ಕು ಫೋಟೋ ತೆಗೆದವನದು, ಅವನು ಹೋದ ಮೇಲೂ ಎಷ್ಟೋ ವರ್ಷ ಅವನ ಮಕ್ಕಳದು. ಯಾರು ತೆಗೆದರೋ ಗೊತ್ತಿಲ್ಲ ಅಂದರೆ ಹಕ್ಕೇ ಇಲ್ಲ ಅಂತಲ್ಲ, ಹುಡುಕಬೇಕು ಅಂತ.

ಹುಡುಕುವುದೆಲ್ಲಿ? ಫೋಟೋವೇ ಇರಲಿಲ್ಲ. ರಟ್ಟಿನಿಂದ ಬಿಡಿಸಲು ಅವಳು ಅದನ್ನು ತಟ್ಟೆಯ ನೀರಲ್ಲಿ ನೆನೆಹಾಕಿದ್ದಳು. ಸದ್ಯ, ಮೊದಲೇ ಸ್ಕ್ಯಾನ್ ಮಾಡಿಟ್ಟಿದ್ದಳು. ಒಂದು ಗಂಟೆ ಮರೆತು ಬಂದು ನೋಡಿದರೆ ಹೆಂಗಸು ಹಾಲಿನ ಕೆನೆಯ ಹಾಗೆ ಕಾಗದ ಬಿಟ್ಟು ತೇಲುತ್ತಿದ್ದಳು, ಮುಟ್ಟಿದ್ದೇ ಹರಿದುಹೋದಳು. ರಟ್ಟನ್ನು ಎಸೆಯುವ ಮೊದಲು ಅದರ ಬೆನ್ನನ್ನೂ ಸ್ಕ್ಯಾನ್ ಮಾಡಿ, ಆ ಕಲೆಗಳನ್ನು ಆಟದೊಳಗಿನ ಅಡುಗೆಮನೆಗೆ ಬೂಸಲು ಹಿಡಿದ ಗೋಡೆ ಮಾಡಿದ್ದಳು.

ಅದು ನೆನಪಾದದ್ದೇ ಅವಳು ಎದ್ದಳು. ತಮ್ಮನಿಂದ ಆಟ ಹಾಕಿಸಿ, ಮನೆಯೊಳಗೆ ನಡೆಸಿಕೊಂಡು ಹೋಗಿ, ಅಡುಗೆಮನೆಯ ಗೋಡೆಯೆದುರು ನಿಲ್ಲಿಸಿದಳು. ಗೋಡೆಯನ್ನು ತಲೆಕೆಳಗು ಮಾಡಿ ಬೆಳಕು ಏರಿಸಿದಾಗ, ಬೂಸಲಿನ ನಡುವೆ ಮೊಹರು ಕಂಡಿತು. ಸ್ಟುಡಿಯೋದ ಹೆಸರು, ಬೀದಿ, ಮನೆ ನಂಬರು. ಎರಡು ವರ್ಷದಿಂದ ಅವರಿಬ್ಬರೂ ಅದರ ಮುಂದೆ ಓಡಾಡುತ್ತಲೇ ಇದ್ದರು.

ಬುಧವಾರ ಇಬ್ಬರೂ ಹೋದರು. ಸ್ಟುಡಿಯೋ ಇದ್ದ ಜಾಗದಲ್ಲಿ ಕನ್ನಡಕದ ಅಂಗಡಿ. ಫೋಟೋ ತೆಗೆದವನ ಒಬ್ಬಳೇ ಮಗಳು, ತಲೆ ನರೆತವಳು, ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ಹಿಡಿದು ಯಾರದೋ ಕನ್ನಡಕದ ಕಾಲು ಬಿಗಿಯುತ್ತಿದ್ದಳು. ಅಕ್ಕ ಆಟದ ವಿಷಯ ಹೇಳಿ, ಲ್ಯಾಪ್‌ಟಾಪಿನ ತೆರೆಯ ಮೇಲೆ ಚಿತ್ರ ತೋರಿಸಿದಳು. ಸ್ಕ್ರೂಡ್ರೈವರ್ ಕೆಳಗಿಳಿಯಿತು.

ಅದು ಅವಳ ಅಮ್ಮ. ಮೆಟ್ಟಿಲು ಅಂಗಡಿಯ ಹಿಂದಿನದೇ, ಈಗಲೂ ಇದೆ. ಕರೆದವರು ಯಾರೆಂಬುದಕ್ಕೂ ಅಲ್ಲೇ ಉತ್ತರ ಸಿಕ್ಕಿತು: ಆಗ ಮೂರು ವರ್ಷದವಳಾಗಿದ್ದ ಇವಳು. ಅಪ್ಪ ಹೋದ ಮೇಲೆ ಅಂಗಡಿ ಖಾಲಿ ಮಾಡಲು ಬಂದ ಕೂಲಿಯವರು ಗೋಡೆಯ ಮೇಲಿನದ್ದನ್ನೆಲ್ಲ ಗುಜರಿಗೆ ಹಾಕಿದ್ದರು. ಎಂಟು ವರ್ಷದಿಂದ ಊರಿನ ಹಳೇ ಸಾಮಾನಿನ ಅಂಗಡಿಯೊಂದನ್ನೂ ಬಿಡದೆ ಹುಡುಕಿದ್ದಳು. ಹೇಳುತ್ತ ಅವಳ ಮುಖ ಅರಳಿತು, ಕೈ ಮುಂದೆ ಬಂತು.

“ಎಲ್ಲಿ ತಾಯಿ, ಫೋಟೋ ಕೊಡಿ.”

ಅಕ್ಕ ನಡೆದದ್ದನ್ನು ಹೇಳಲೇಬೇಕಾಯಿತು.

“ನೀರಿಗೆ ಹಾಕಿದ್ರಾ?” ಎಂದಳು ಅವಳು, ಮೆಲ್ಲಗೆ. “ಒಂದು ಗಂಟೆ?”

ಫೋಟೋದವನ ಮಗಳಿಗೆ ಅದಕ್ಕಿಂತ ಹೆಚ್ಚು ವಿವರಿಸುವ ಅಗತ್ಯವಿರಲಿಲ್ಲ. ಆಟ ತೋರಿಸಿ ಅಂದಳು. ತಾನೇ ಆಡಿದಳು. ಮೊದಲ ಬಾಗಿಲು ತಪ್ಪಿತು, ಎರಡನೆಯದೂ ತಪ್ಪಿತು. ಮೂರನೆಯದಕ್ಕೆ ಅಮ್ಮನ ಕಣ್ಣು ಹೋದವು, ಆಮೇಲೆ ಮೆಟ್ಟಿಲಷ್ಟೇ. ತನ್ನ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡಳು.

“ಆಟ ಚೆನ್ನಾಗಿದೆ. ನಮ್ಮಮ್ಮ ಒಂದೇ ಸಲ ಹೋದ್ಲು. ನೀವು ಇನ್ನೆಷ್ಟು ಸಲ ಕಳಿಸ್ತೀರಿ?”

ಹೆಸರು ಹಾಕುತ್ತೇವೆ, ಬೇಕಾದ್ದು ಕೇಳಿ ಎಂದು ತಮ್ಮ ಅಂಗಲಾಚಿದ. ಅವಳು ಬೇಡವೆಂದು ತಲೆಯಾಡಿಸಿದಳು. ತನಗೆ ಚಿತ್ರದ ಒಂದು ಪ್ರತಿ ಕಳಿಸಿ, ಉಳಿದದ್ದನ್ನೆಲ್ಲ ಅಳಿಸಿಬಿಡಿ ಅಂದಳು. ಬಾಗಿಲ ತನಕ ಬಂದು ಅಕ್ಕನನ್ನು ಒಂದೇ ಮಾತು ಕೇಳಿದಳು. “ನಿಮ್ಮ ಮುಖ ಯಾಕೆ ಇಡಲಿಲ್ಲ?”

ದಾರಿಯುದ್ದಕ್ಕೂ ತಮ್ಮ ಹಟ ಹಿಡಿದ. ಆ ಚೌಕಕ್ಕೆ ಗುರುತು ಹಾಕಿಬಿಡು, ಕನ್ನಡಕ ಮಾರುವವಳು ಆಟದ ಲೋಕಕ್ಕೆ ಇಣುಕುತ್ತಾಳೆಯೇ. ಅಕ್ಕನಿಗೂ ಆಸೆಯಾಗದೆ ಇರಲಿಲ್ಲ. ಮನೆಗೆ ಬಂದ ಮೇಲೆ ಎರಡು ಸಲ ಬೆರಳು ಚೌಕದ ತನಕ ಹೋಗಿ ಬಂತು. ಅಡ್ಡ ಬಂದದ್ದು ಅಜ್ಜಿಯ ನೆನಪು. ಓದಲು ಬಾರದ ಆ ಮುದುಕಿ ದಿನಾ ಸಂಜೆ ಪದ್ಯ ಹೇಳುವ ಮೊದಲು, ಅದನ್ನು ಕಟ್ಟಿದವರ ಹೆಸರೆತ್ತಿ ಕೈ ಮುಗಿಯುತ್ತಿದ್ದಳು. ಕಟ್ಟಿದವರು ಯಾರೋ ತಿಳಿಯದಿದ್ದರೆ, “ಯಾರಪ್ಪಾ ನೀನು, ಅಪ್ಪಣೆ ಕೊಡು” ಎಂದು ಕೇಳಿ, ಒಂದು ಗಳಿಗೆ ಕಾದು, ಆಮೇಲೆಯೇ ಬಾಯಿ ತೆರೆಯುತ್ತಿದ್ದಳು. ಈಗ ಕೇಳಿಯಾಗಿತ್ತು. ಅಪ್ಪಣೆ ಸಿಕ್ಕಿರಲಿಲ್ಲ.

ಗುರುವಾರ ಬೆಳಗ್ಗೆ ಅಕ್ಕ ಮನೆಯ ಮಹಡಿ ಮೆಟ್ಟಿಲೇರಿ ನಿಂತು, ತಮ್ಮನ ಕೈಗೆ ಕ್ಯಾಮೆರಾ ಕೊಟ್ಟು, ಕರೆ ಅಂದಳು. “ಅಕ್ಕಾ” ಅಂದ. ತಿರುಗಿದಳು. ನಲವತ್ತು ಸಲ ಕರೆದ, ನಲವತ್ತು ಸಲ ತಿರುಗಿದಳು. ಒಂದರಲ್ಲೂ ಆ ನೋಟ ಬರಲಿಲ್ಲ. ಕೊನೆಗೆ, ಇದು ನಮ್ಮ ಆಟವಲ್ಲ ಅಕ್ಕ ಎಂದು ಅವನು ಗೋಡೆಗೆ ಒರಗಿ ಕೂತ. ಅಲ್ಲ ಎಂದು ಅವಳಿಗೂ ಗೊತ್ತಿತ್ತು. ಇದ್ದುದರಲ್ಲಿ ಒಂದನ್ನು ಆರಿಸಿ, ಹಳೆಯ ಮುಖವನ್ನು ಒಂದೊಂದಾಗಿ ತೆಗೆದು, ಆ ಜಾಗದಲ್ಲಿ ತನ್ನದನ್ನು ಕೂರಿಸಿದಳು. ಅಡುಗೆಮನೆಗೆ ಬೇರೆ ಬೂಸಲು ಬರೆದಳು.

ಶುಕ್ರವಾರ ಮೂರು ಗಂಟೆಗೆ ಪರೀಕ್ಷೆಯೊಂದೇ ಬಾಕಿ. ಮೂವತ್ತೊಂದು ದಾರಿಯಲ್ಲೂ ಸೋತು ನೋಡಬೇಕು. ಪರೀಕ್ಷೆ ಎಂದಿಗೂ ತಮ್ಮನ ಪಾಲು. ಆ ಹೆಂಗಸನ್ನು ಅವನು ತಿಂಡಿ ತಿನ್ನುತ್ತಲೇ ಸಾವಿರಾರು ಸಲ ಅಳಿಸಿದ್ದ. ಮೊದಲ ತಪ್ಪು ಬಾಗಿಲು ತೆರೆದ. ಅಕ್ಕನ ಗಲ್ಲ ಕರಗಿತು. ಎರಡನೆಯದನ್ನು ತೆರೆದ, ಬಾಯಿ ಹೋಯಿತು. ಕೀಲಿಗಳ ಮೇಲಿಂದ ಕೈ ತೆಗೆದುಬಿಟ್ಟ.

“ನನ್ನ ಕೈಲಿ ಆಗಲ್ಲ ಕಣೇ.”

ಅವಳು ಅವನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ಕೂತಳು. ತಮ್ಮ ಕಿಟಕಿಗೆ ಮುಖ ಮಾಡಿ ನಿಂತ. ತಾನೇ ತೆರೆದಳು, ತಾನೇ ಅಳಿದಳು, ಮೊದಲಿನಿಂದ ಶುರು ಮಾಡಿದಳು. ಮೂವತ್ತೊಂದನೆಯದು ಮುಗಿದಾಗ ನಾಲ್ಕೂ ಐವತ್ತು. ಹಳೆಯ ಚಿತ್ರದ ಒಂದು ಪ್ರತಿಯನ್ನು ಕನ್ನಡಕದ ಅಂಗಡಿಗೆ ಕಳಿಸಿ ತನ್ನದನ್ನು ಅಳಿಸಿದಳು. ಆಮೇಲೆ ಹನ್ನೊಂದನೆಯ ಸಾಲಿಗೆ ಬಂದು, ಚೌಕದೊಳಗೆ ಗುರುತು ಹಾಕಿ, ಆಟವನ್ನು ಕಳಿಸಿದಳು.

ತೆರೆಯ ಮೇಲೆ ಖಾಲಿ ಮೆಟ್ಟಿಲು ಹಾಗೇ ನಿಂತಿತ್ತು. ತಮ್ಮ ಕಿಟಕಿಯಿಂದಲೇ, ತಿರುಗದೆ, ಹೋಯ್ತಾ ಎಂದು ಕೇಳಿದ. ಹೋಯ್ತು ಅಂದಳು.