ಕೆಳಗಿನವರಿಗೆ ಉತ್ತರ

ಭೂಮಿಯ ಕೆಳಗೂ ಒಂದು ಊರಿದೆ. ಮೇಲಿನವರು ಇನ್ನೂ ಇದ್ದಾರೋ ಇಲ್ಲವೋ ಎಂದು ಅಲ್ಲಿನವರಿಗೆ ಆಗಾಗ ಅನುಮಾನ ಬರುತ್ತದೆ, ಆಗ ನೆಲ ಅಲ್ಲಾಡಿಸಿ ನೋಡುತ್ತಾರೆ. ಮೇಲಿನವರು ತಡಮಾಡದೆ "ನಾವ್ ಬದ್ಕಿದೀವಿ!" ಎಂದು ಕೂಗಬೇಕು, ಕೂಗಿದರೆ ಬಿಟ್ಟುಬಿಡುತ್ತಾರೆ. ಮಿಜೋ ಬೆಟ್ಟಗಳ ಹಿರಿಯರ ಮಾತಿದು. ಇಗರ್ಜಿ ಬಂದು ಎಷ್ಟೋ ತಲೆಮಾರು ಕಳೆದರೂ ಆ ಕೂಗು ಮಾತ್ರ ಹೋಗಿಲ್ಲ. ಭಾನುವಾರ ಅದನ್ನು ಅಜ್ಜಿಕಥೆ ಎಂದು ನಗುವ ಪಾಸ್ಟರೇ ನೆಲ ನಡುಗಿದಾಗ ಎಲ್ಲರಿಗಿಂತ ಮುಂಚೆ ಬಾಯಿ ತೆರೆಯುತ್ತಾರೆ.

ಅಲ್ಲಿ, ಗಡಿಯ ತಿಯಾವ್ ಹೊಳೆಯ ಮೇಲಿನ ಬೆಟ್ಟದ ಒಂದು ಊರಲ್ಲಿ ಮೊದಲು ಕೂಗುವ ಹಕ್ಕು ಹ್ರಾಂಗ್‌ದುಲಾನ ಮನೆತನದ್ದು. ಯಾರೂ ಕೊಟ್ಟ ಹಕ್ಕಲ್ಲ, ಗಂಟಲಿನಿಂದ ಬಂದದ್ದು. ಶಿಲ್ಲಾಂಗಿನ ಕಲ್ಲುಮನೆಗಳನ್ನೆಲ್ಲ ನೆಲಸಮ ಮಾಡಿದ, ಬ್ರಿಟಿಷರ ಕಾಲದ ಮಹಾಕಂಪನಕ್ಕೆ ಅವನ ಮುತ್ತಜ್ಜ ಉತ್ತರ ಕೊಟ್ಟಿದ್ದ. ಸ್ವಾತಂತ್ರ್ಯ ಬಂದ ಮೂರನೇ ವರ್ಷ ಅಸ್ಸಾಮಿನ ಆಚೆ ಬೆಟ್ಟಗಳೇ ಕುಸಿದು ನದಿಗೆ ಅಡ್ಡ ಬಿದ್ದವಲ್ಲ, ಆಗ ಅಜ್ಜ. ಎಂಬತ್ತೆಂಟರ ಕಂಪನಕ್ಕೆ ಅಪ್ಪ. ಊರಲ್ಲಿ ಒಂದು ಜೀವವೂ ಹೋಗದಿದ್ದದ್ದು ಆ ಗಂಟಲುಗಳ ಪುಣ್ಯ ಎಂದು ಎಲ್ಲರೂ ನಂಬಿದರು. ಬಿದಿರಿನ ಮನೆ ಬಿದ್ದರೂ ಕೊಲ್ಲುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಹ್ರಾಂಗ್‌ದುಲಾ ಕೂಗುವಾಗ ಮಗಳು ಸಾಂಗಿ ಅವನ ಹೆಗಲೇರಿ ತನ್ನದೂ ಒಂದು ಸೇರಿಸುತ್ತಿದ್ದಳು. "ನಾವ್ ಬದ್ಕಿದೀವಿ! ನಮ್ ಹಂದೀನೂ ಬದ್ಕಿದೆ!" ನಡುಗುತ್ತಿದ್ದ ಊರು ಬಿದ್ದು ಬಿದ್ದು ನಗುತ್ತಿತ್ತು.

ರೋಗದ ವರ್ಷ, ಊರ ದಾರಿಗಳೆಲ್ಲ ಮುಚ್ಚಿದ್ದಾಗ, ಸಾಂಗಿಗೆ ಜ್ವರ ಬಂತು. ಆಸ್ಪತ್ರೆಗೆ ಹೊರಟ ಜೀಪು ಅರ್ಧ ದಾರಿಯಲ್ಲೇ ತಿರುಗಿತು. ಸಾವಿನ ಮನೆಯಲ್ಲಿ ಊರೆಲ್ಲ ಸೇರಿ ದಿನಗಟ್ಟಲೆ ಹಾಡುವುದು ಅಲ್ಲಿಯ ಪದ್ಧತಿ, ಆ ವರ್ಷ ಅದಕ್ಕೂ ತಡೆ. ಹಾಡಿಲ್ಲದೆ ಮಗು ಮಣ್ಣಿಗೆ ಹೋಯಿತು. ಗಂಡ ಹೆಂಡತಿ ಬರಿಯ ಒಲೆಯ ಮುಂದೆ ಕೂತರು.

ಮಳೆ ಹಿಡಿಯುತ್ತಿದ್ದಂತೆ ನೆಲ ನಡುಗತೊಡಗಿತು. ಒಂದು ಸಲವಲ್ಲ, ದಿನಾ. ಮನೆಗೆ ಕಾಲಿಡಲು ಹೆದರಿ ಜನ ಇಗರ್ಜಿಯ ಬಯಲಲ್ಲಿ ಟಾರ್ಪಾಲು ಕಟ್ಟಿಕೊಂಡರು. ಎಲ್ಲರೂ ಕೂಗಿದರು, ಹ್ರಾಂಗ್‌ದುಲಾ ಒಬ್ಬನನ್ನು ಬಿಟ್ಟು.

"ಏನಯ್ಯಾ ಸಾಂಗಿ ಅಪ್ಪಾ, ಗಂಟ್ಲನ್ನ ಹೊಳೆ ಆಚೆಯೋರಿಗೆ ಮಾರ್ಕೊಂಡ್ಯಾ?" ಎಂದ ಪಕ್ಕದ ಟಾರ್ಪಾಲಿನ ಮುದುಕ ಥಾಂಗ್‌ಜೌವಾ. ಆ ಬೆಟ್ಟಗಳಲ್ಲಿ ತಂದೆಯನ್ನು ಮಗುವಿನ ಹೆಸರು ಹಿಡಿದೇ ಕರೆಯುವುದು, ಮಗು ಹೋದ ಮೇಲೂ.

"ನಿಂಗೂ ಬಾಯಿದೆಯಲ್ಲಜ್ಜಾ, ಕೂಗ್ಕೋ."

"ನನ್ ಬಾಯಿಗೆ ಹಲ್ಲೇ ಇಲ್ಲ, ಬರೀ ಗಾಳಿ ಬರ್ತದೆ. ಕೆಳಗಿನೋರಿಗೆ ಗುರ್ತಿರೋದು ನಿಮ್ ಮನೆ ದನಿ ಮಾರಾಯ. ಎಲ್ರನ್ನೂ ಹೂತ್ಹಾಕ್ತೀಯಾ?"

ಹ್ರಾಂಗ್‌ದುಲಾ ಎದ್ದು ಹೋದ. ಹೆಂಡತಿ ದಾರ್‌ಖುಮಿ ಹಿಂದೆಯೇ ಬಂದಳು. ಇಬ್ಬರೂ ಊರಂಚಿನಲ್ಲಿದ್ದ ಸಾಂಗಿಯ ಗೋರಿಯ ಹತ್ತಿರ ಕೂತರು. ಅವಳು ಕಳೆ ಕೀಳುತ್ತಾ ಕೇಳಿದಳು.

"ಯಾಕ್ ಕೂಗಲ್ಲ?"

"ಏನಂತ ಕೂಗ್ಲಿ? ಬದ್ಕಿದೀವಿ ಅಂತ್ಲಾ? ಅಷ್ಟ್ ದೊಡ್ ಸುಳ್ಳಿಗೆ ನಾಲ್ಗೆ ಹೊರಳಲ್ಲ ಕಣೇ. ಕೆಡವ್ತಾರಾ, ಕೆಡವ್ಲಿ."

ಅವಳಿಗೂ ಹಾಗೇ ಅನ್ನಿಸಿತ್ತು. ಎಷ್ಟೋ ಬೆಳಗು ಅನ್ನದ ಪಾತ್ರೆ ಒಲೆಯ ಮೇಲಿಡುವಾಗ ಇದು ಯಾರಿಗೆ, ಯಾಕೆ ಎಂದು ಅವಳ ಕೈ ನಿಂತುಹೋಗುತ್ತಿತ್ತು.

ಆಗ ನೆಲ ಗುಡುಗಿತು. ಅದುವರೆಗಿನದೆಲ್ಲ ಮಕ್ಕಳಾಟ ಅನ್ನಿಸುವಂಥ ಅಲುಗಾಟ. ಸಾಂಗಿಯ ತಲೆಯ ಕಡೆಯ ಕಲ್ಲು ಮುಂದಕ್ಕೂ ಹಿಂದಕ್ಕೂ ತೂಗಿತು. ಮೇಲಿನ ಬಯಲಿನಿಂದ ಜನರ ಕೂಗು ಕೇಳಿಸಿತು. ಹ್ರಾಂಗ್‌ದುಲಾ ಹಲ್ಲು ಕಚ್ಚಿಕೊಂಡು ನಿಂತ.

ದಾರ್‌ಖುಮಿ ಮಣ್ಣಿನ ಮೇಲೆ ಬೋರಲಾಗಿ ಬಿದ್ದು ಎರಡೂ ಅಂಗೈ ಊರಿದಳು.

"ಸಾಂಗಿ ಅಪ್ಪಾ, ಈಗ ಕೆಳಗಿರೋದ್ ಯಾರು ಹೇಳು?" ಅವಳು ಕಿರುಚಿದಳು. "ನಮ್ ಕೂಸೂ ಅಲ್ಲೇ ಇದೆ! ಅದೇ ಕೇಳ್ತಿರೋದು, ಅಪ್ಪ ಇದಾನಾ, ಅವ್ವ ಇದಾಳಾ ಅಂತ. ನೀನ್ ಸುಮ್ನಿದ್ರೆ ನಾವೂ ಸತ್ವಿ ಅನ್ಕೊಳ್ತದೆ. ಅಲ್ಲೆಲ್ಲಾ ನಮ್ಮನ್ನ ಹುಡುಕ್ತದೆ ಕಣೋ! ಕತ್ತಲಲ್ಲಿ ಒಂದೇ ಹುಡುಕ್ತದೆ!"

ಹ್ರಾಂಗ್‌ದುಲಾ ಗೋರಿಯ ಮುಂದೆ ಮಂಡಿಯೂರಿದ. ಅವನು ತೂಗುತ್ತಿದ್ದ ಕಲ್ಲನ್ನು ತಬ್ಬಿ ಹಿಡಿದು ಬಾಯಿ ತೆರೆದ. ನಾಲ್ಕು ತಲೆಮಾರಿನ ಆ ಗಂಟಲು ಬೆಟ್ಟದಿಂದ ಬೆಟ್ಟಕ್ಕೆ ಹೊಡೆಯಿತು.

"ಬದ್ಕಿದೀವಿ ಮಗ್ಳೇ! ಅವ್ವನೂ ಬದ್ಕಿದಾಳೆ! ಹಂದೀನೂ ಬದ್ಕಿದೆ!"

ಮೇಲಿನ ಬಯಲಿಗೆ ಅದು ಕೇಳಿಸಿತು. ಬಂತಪ್ಪಾ ದನಿ, ಉಳಿದ್ವಿ ಎಂದು ಥಾಂಗ್‌ಜೌವಾ ಎದೆಯ ಮೇಲೆ ಕೈಯಿಟ್ಟುಕೊಂಡ. ನೆಲ ನಿಂತಿತು. ನಿಂತದ್ದು ಗೊತ್ತಾದರೂ ಹ್ರಾಂಗ್‌ದುಲಾ ಕಲ್ಲನ್ನು ಬಿಡಲಿಲ್ಲ. ಹಣೆಯನ್ನು ಮಣ್ಣಿಗೆ ತಾಗಿಸಿ, ಪಕ್ಕದ ದಾರ್‌ಖುಮಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದ.

"ಹುಡುಕ್ಬೇಡ ಕಣೇ ಕೂಸೇ. ನಾವಿನ್ನೂ ಅಲ್ಲಿಗ್ ಬಂದಿಲ್ಲ."