ಮಂತ್ರಿಯ ದನಿ

ಹೂಸ್ಟನ್ ಕಡೆಗೆ ಹೊರಟ ಕಾರಿನಲ್ಲಿ ಶ್ರೀಶೈಲ್ ಬ್ರಿಟನ್ನಿನ ವಲಸೆ ಮಂತ್ರಿಯ ಹಾಗೆ ಕೆಮ್ಮುತ್ತಿದ್ದ. ಶುಗರ್ ಲ್ಯಾಂಡಿನ ಕನ್ನಡ ಸಂಘದ ದೀಪಾವಳಿಯಲ್ಲಿ ಅವನ ಮಿಮಿಕ್ರಿ ಇತ್ತು. ಬೆಳಗಾಗುತ್ತಲೇ ತಾವಿರುವ ಮೆಕಿನ್ನಿ ಬಿಟ್ಟಾಗಿನಿಂದ ಗಂಟಲು ಸರಿಮಾಡಿಕೊಳ್ಳುತ್ತಿದ್ದರೂ ದನಿ ಕೂಡಿಬರಲೊಲ್ಲದು.

"ಈ ಹೊಸಾ ಮಂತ್ರಿ ಮೂಗಿನಾಗ ಮಾತಾಡ್ತಾನ," ಎಂದ ಹೆಂಡತಿ ನೇಹಾಗೆ. "ಬ್ಯಾಸಿಗ್ಯಾಗ ಇದ್ದಾಂವ ಹೊಟ್ಟಿಯಿಂದ ಮಾತಾಡ್ತಿದ್ದ. ಅವನ ಹಿಂದಿನಾಕಿ ಬರೇ ನಿಟ್ಟುಸಿರು ಬಿಡ್ತಿದ್ಲು. ಹಿಂಗ ಮಂತ್ರಿ ಬದಲಿಸಿದ್ರ ನಮ್ಮಂಥಾ ಕಲಾವಿದರು ಬದುಕೂದು ಹೆಂಗ?"

"ಮೊದ್ಲು ರೋಡ್ ನೋಡ್ಕೊಂಡು ಡ್ರೈವ್ ಮಾಡು, ಕಲಾವಿದ," ಎಂದಳು ಬೆಂಗಳೂರಿನ ನೇಹಾ.

ಮಂತ್ರಿಗಳು ಬದಲಾದರೂ ನಿಯಮ ಮಾತ್ರ ಕದಲಿರಲಿಲ್ಲ. ಶ್ರೀಶೈಲನ ತಂಗಿ ನಿವೇದಿತಾ ಗಂಡ ತೀರಿಕೊಂಡ ಮೇಲೆ ಇಂಗ್ಲೆಂಡಿಗೆ ಹೋಗಿ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಮಗಳು ಸಿಯಾಳನ್ನು ಆಮೇಲೆ ಕರೆಸಿಕೊಳ್ಳಬಹುದು ಎಂದಿದ್ದ ಸರ್ಕಾರ, ನಿವೇದಿತಾ ಅಲ್ಲಿನ ಚಳಿಗೆ ಒಗ್ಗಿಕೊಳ್ಳುವಷ್ಟರಲ್ಲಿ, ಇಂಥ ಕೆಲಸದವರು ಮಕ್ಕಳನ್ನು ತರುವಂತಿಲ್ಲ ಎಂದಿತು. ಸಿಯಾ ಹುಬ್ಬಳ್ಳಿಯಲ್ಲಿ ಅಜ್ಜಿ ಕಾಶವ್ವನ ಬಳಿಯೇ ಉಳಿದಳು. ಆ ನಿಯಮವನ್ನು 'ಅಮಾನುಷ' ಎಂದು ಬೈದವರೇ ಚುನಾವಣೆ ಗೆದ್ದು ಬಂದು, ಕುರ್ಚಿ ಬೆಚ್ಚಗಾಗುತ್ತಲೇ ಅದನ್ನು 'ಅನಿವಾರ್ಯ' ಎಂದರು.

ನಿವೇದಿತಾ ಮತ್ತು ಅವಳಂಥ ಕೆಲವರು ಕೋರ್ಟಿಗೆ ಹೋದರು. ಈ ಬೇಸಿಗೆಯಲ್ಲಿ ಗೆದ್ದರು.

ಅವತ್ತು ಶ್ರೀಶೈಲ್ ಕಂಡಕಂಡವರಿಗೆ ಪೇಢೆ ಹಂಚಿದ. ಆಸ್ಟಿನ್ನಿನಲ್ಲಿ ವಕೀಲನಾಗಿರುವ ಗೆಳೆಯ ಚಿದಾನಂದ್ ಫೋನಿನಲ್ಲಿ, "ಗೆದ್ದೀರಿ ಖರೆ. ಆದ್ರ ಮೇಲ್ಮನವಿ ಅಂತ ಒಂದು ಇರ್ತದಲೇ, ಡಬ್ಬಿ ಈಗ ತಗೀಬ್ಯಾಡ," ಎಂದ. ಡಬ್ಬಿ ಆಗಲೇ ಖಾಲಿಯಾಗಿತ್ತು. ಸಾಲದ್ದಕ್ಕೆ ಶ್ರೀಶೈಲ್ ಆಗಿನ ಮಂತ್ರಿಯ ಹೊಟ್ಟೆದನಿಯಲ್ಲಿ ಸಿಯಾಗೊಂದು ವಾಯ್ಸ್ ಮೆಸೇಜ್ ಕಳಿಸಿದ್ದ: "ಮಿಸ್ ಸಿಯಾ, ನಾನು ಲಂಡನ್ ಮಿನಿಸ್ಟರ್. ನಮ್ದು ಟಪ್ಪು ಆಯ್ಟು. ನೀನು ಮಮ್ಮಿ ಹಟ್ಟಿರ ಬಾ."

ಸಿಯಾ ಅದನ್ನು ಓಣಿಗೆಲ್ಲ ಕೇಳಿಸಿದಳು. ಕೋರ್ಟೇ ಹೇಳಿದ ಮೇಲೆ ಇನ್ನೇನು ಎಂದು ಕಾಶವ್ವ ಶಾಲೆಗೆ ಹೋಗಿ ಮೊಮ್ಮಗಳ ಟಿ.ಸಿ. ತೆಗೆಸಿಕೊಂಡು ಬಂದಳು. ಶಾಲೆಯವರು ಸೀಟನ್ನು ಬೇರೆ ಮಗುವಿಗೆ ಕೊಟ್ಟರು. ಸರ್ಕಾರ ಮೇಲ್ಮನವಿ ಹಾಕಿತು. ಅಂದಿನಿಂದ ಸಿಯಾ ಮನೆಯಲ್ಲೇ ಇದ್ದಳು, ಬಟ್ಟೆ ತುಂಬಿದ ಬ್ಯಾಗಿನ ಪಕ್ಕದಲ್ಲಿ.

ಹಂಟ್ಸ್‌ವಿಲ್ ಹತ್ತಿರ ಬರುವಾಗ ಕಾರಿನ ಸ್ಪೀಕರಿನಲ್ಲಿ ನಿವೇದಿತಾಳ ಫೋನ್ ಬಂತು.

"ಅಣ್ಣಾ, ಪಾರ್ಲಿಮೆಂಟಿನ್ಯಾಗ ಹೊಸಾ ಕಾಯ್ದೆ ಪಾಸಾತು."

"ಮೇಲ್ಮನವಿ ಇನ್ನೂ ವಿಚಾರಣೆಗೇ ಬಂದಿಲ್ಲಲ್ಲ?"

"ಇನ್ನ ಅದರ ಗರಜಿಲ್ಲಂತ. ಆ ನಿಯಮ ಮೊದಲಿಂದನೂ ಸರೀನ ಇತ್ತು ಅಂತ ತಿಳ್ಕೋಬೇಕಂತ. ಹಂಗ ಬರದಾರ. ಇನ್ನೇನೂ ಉಳದಿಲ್ಲ ಅಂದ್ರು ವಕೀಲರು."

ಕಾಯ್ದೆ ಕಾಯ್ದೆ ಅಂತ ಇಷ್ಟು ದಿನ ಕಾಯ್ದೆವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಶ್ರೀಶೈಲ್ ನುಂಗಿಕೊಂಡ.

"ವಾಪಸ್ ಬಂದುಬಿಡು, ನಿವಿ."

"ಬಂದು? ಅವ್ವನ ಔಷಧ, ಸಿಯಾನ ಸಾಲಿ ಯಾರು ನೋಡ್ತಾರ? ನಾ ನೋಡ್ತೀನಿ ಅಂತ ಅನಬ್ಯಾಡ. ನಿನ್ನ ಕಂಪನ್ಯಾಗೂ ಮಂದೀನ್ನ ತಗದು ಹಾಕಾಕತ್ತಾರ." ಆಮೇಲೆ ಅವಳ ದನಿ ಸಣ್ಣದಾಯಿತು. "ನೀ ಸಿಯಾಗ ಹೇಳೋ. ನಾ ಹೇಳಿದ್ರ ನಂಬವಲ್ಲಳು. ಮಂತ್ರಿ ಬಾ ಅಂದಾನ, ನಿನಗ ನಾ ಬ್ಯಾಡಾಗೇನಿ, ಅದಕ್ಕ ಸುಳ್ಳು ಹೇಳ್ತಿ ಅಂತಾಳ."

ಶ್ರೀಶೈಲ್ ಪೆಟ್ರೋಲ್ ಬಂಕೊಂದರಲ್ಲಿ ಕಾರು ನಿಲ್ಲಿಸಿ ಹುಬ್ಬಳ್ಳಿಗೆ ಫೋನ್ ಹಚ್ಚಿದ. ಅಲ್ಲಿ ಊಟದ ಹೊತ್ತು. ಸಿಯಾ ಬಾಯಲ್ಲಿ ತುತ್ತಿಟ್ಟುಕೊಂಡೇ, "ಮಾಮಾ!" ಎಂದಳು.

"ಪುಟ್ಟಾ, ಅವತ್ತು ಮಂತ್ರಿ ಹಂಗ ಮಾತಾಡಿದ್ದು ನಾನ. ಚ್ಯಾಷ್ಟಿಗೆ."

"ಸುಳ್ಳು! ಮಂತ್ರಿ ದನಿ ನಂಗ ಗೊತ್ತದ. ಮಮ್ಮಿನ ಹಿಂಗ ಹೇಳು ಅಂದಾಳಲ್ಲ? ಮಂತ್ರೀಗೆ ಫೋನ್ ಕೊಡು. ಅವರು ಹೇಳಲಿ."

ಅವನು ನೇಹಾಳ ಮುಖ ನೋಡಿದ. ನೇಹಾ ಕಿಟಕಿಯ ಕಡೆ ತಿರುಗಿದಳು.

ಶ್ರೀಶೈಲ್ ಕೆಮ್ಮಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ. ಬೇಸಿಗೆಯ ಮಂತ್ರಿಯ ದನಿ ತಾನಾಗಿಯೇ ಹೊಟ್ಟೆಯಿಂದ ಎದ್ದು ಬಂತು.

"ಮಿಸ್ ಸಿಯಾ. ಮಮ್ಮಿ ಕರೀಟಾಳೆ. ದಿನಾ ಕರೀಟಾಳೆ. ನಾನು ಬಿಡೋದಿಲ್ಲ."

ಅತ್ತ ಕಡೆ ಅಗಿಯುವ ಸದ್ದು ನಿಂತಿತು.

"ನೀವ ತಪ್ಪಾತು ಅಂದಿದ್ರಲ್ಲ್ರೀ?"

"ಇಲ್ಲ. ಮೊದ್ಲಿಂದ ಸರಿಯೇ ಇಟ್ಟು."

ಆಮೇಲೆ ಸಿಯಾ ಯಾರಿಗೋ, ಬಹುಶಃ ಕಾಶವ್ವನಿಗೆ, "ಆಯೀ, ಮಮ್ಮಿ ಸುಳ್ಳು ಹೇಳಿಲ್ಲ," ಎಂದದ್ದು ಕೇಳಿಸಿತು. ಮಂತ್ರಿಗೆ ಏನೂ ಹೇಳದೆ ಫೋನ್ ಇಟ್ಟಳು.

"ಇವತ್ತಿನ ಪ್ರೋಗ್ರಾಂ ಬೇಡ ಅಂತ ಸಂಘದವ್ರಿಗೆ ಹೇಳ್ಬಿಡ್ಲಾ, ಶ್ರೀ?" ಎಂದು ಕೇಳಿದಳು ನೇಹಾ.

"ಹೂಂ," ಎಂದ. ಆ ದನಿಯೂ ಮಂತ್ರಿಯದೇ ಆಗಿತ್ತು. ನೇಹಾ ಇಳಿದು ಸುತ್ತಿ ಬಂದು ಸ್ಟಿಯರಿಂಗ್ ಹಿಡಿದಳು.