ಒಲೆಯ ಮೇಲಿನ ಹಾಲು

ಮಗಳು ಮಾತೇ ಇಲ್ಲದ ಸಿನಿಮಾ ಮಾಡುತ್ತೇನೆಂದಾಗ ಬಡಗಿ ನಕ್ಕುಬಿಟ್ಟಿದ್ದ. "ಉಪ್ಪಿಲ್ಲದ ಅಡುಗೆ ಕಣಮ್ಮಾ, ಯಾರು ತಿಂತಾರೆ?" ಊರಿಗೇ ಹೆಸರಾದ ಬಾಯಿಬಡುಕ ಅವನು. ಅವಳು ಪಟ್ಟು ಬಿಡದೆ ತನ್ನೂರನ್ನೇ ಚಿತ್ರೀಕರಿಸಿದಳು. ಒಂದು ಸಂಜೆ ಅಪ್ಪನ ಮರಗೆಲಸದ ಶೆಡ್ಡಿನಲ್ಲೇ ಬಿಳಿ ಬಟ್ಟೆ ಕಟ್ಟಿ ಊರಿಗೆಲ್ಲ ತೋರಿಸಿದಳು.

ತೆರೆಯ ಮೇಲೆ ಒಲೆ, ಒಲೆಯ ಮೇಲೆ ಹಾಲು. ಬಾಗಿಲಾಚೆ ಅವಳ ಚಿಕ್ಕಮ್ಮ ಬಾವಿಕಟ್ಟೆಯಲ್ಲಿ ಹರಟುತ್ತಿದ್ದಾಳೆ. ಬಹಳ ಹೊತ್ತು ಅಷ್ಟೇ. ಜನ ಆಕಳಿಸಿದರು. ಆಗ ಹಾಲಿನ ಕೆನೆ ಮೆಲ್ಲಗೆ ಮೇಲೆದ್ದಿತು.

"ಅಯ್ಯೋ, ನನ್ ಹಾಲು!" ಮುಂದೆ ಕೂತಿದ್ದ ಚಿಕ್ಕಮ್ಮ ಎದ್ದೋಡಿ ತೆರೆಯ ಮೇಲಿನ ಹಾಲನ್ನು ಊದತೊಡಗಿದಳು. ಹಿಂದೆಯೇ ಊರಿಗೆ ಊರೇ ಎದ್ದು ಉಫ್ ಉಫ್ ಎಂದು ಊದಿತು. ಬಟ್ಟೆ ಅಲುಗಾಡಿತು. ಕೊನೇ ಗಳಿಗೆಯಲ್ಲಿ ಚಿತ್ರದ ಚಿಕ್ಕಮ್ಮ ಓಡಿಬಂದು ಪಾತ್ರೆ ಇಳಿಸಿದಾಗ, ಜನರ ಶಿಳ್ಳೆಗೆ ಸೂರು ಹಾರಿಹೋಗುವಂತಾಯಿತು.

ಮತ್ತೆ ತೆರೆಯ ಮೇಲೆ ಖಾಲಿ ಅಂಗಳ. ಯಾರೋ "ಮುಂದೇನು?" ಎಂದು ಪಿಸುಗುಟ್ಟಿದರು.

"ಬಾಯ್ಮುಚ್ರೋ!" ಗದರಿದವನು ಬಡಗಿ. "ಮಾತಾಡ್ತಾ ಕೂತ್ರೆ ಹಾಲು ಉಕ್ಕುತ್ತೆ!"